ಅಪಾಯ ಇರುವುದು ಕವರ್ ಬಿಚ್ಚುವಾಗ
ಕರೆಂಟ್ ಪ್ಯಾನೆಲ್ಲಿನಲ್ಲಿ ಬಿಸಿಯಾದ ಜಾಗ ಹುಡುಕಲು ಥರ್ಮಲ್ ಕ್ಯಾಮೆರಾ (ಶಾಖವನ್ನು ಚಿತ್ರವಾಗಿ ತೋರಿಸುವ ಕ್ಯಾಮೆರಾ) ಹಿಡಿದವನು ಪ್ಯಾನೆಲ್ ಮುಟ್ಟುವುದೇ ಇಲ್ಲವಲ್ಲ, ಅವನಿಗೇನು ಅಪಾಯ ಅಂತ ಕೇಳುವವರಿದ್ದಾರೆ. ಲೈನ್ ಚಾಲೂ ಇರುವಾಗ ಕವರ್ ಬಿಚ್ಚುತ್ತೀರಲ್ಲ, ಅಪಾಯ ಅಲ್ಲೇ. ಕೈಜಾರಿದ ಒಂದು ಸ್ಕ್ರೂ ಬಸ್‌ಬಾರ್‌ಗಳ (ಕರೆಂಟ್ ಹರಿಯುವ ಲೋಹದ ಪಟ್ಟಿಗಳ) ನಡುವೆ ಬಿದ್ದರೂ ಆರ್ಕ್, ಅಂದರೆ ಗಾಳಿಯಲ್ಲೇ ಹಾರುವ ಕರೆಂಟಿನ ಉರಿ, ಹೊತ್ತಿಕೊಳ್ಳಬಹುದು. ಆಗ ಬರೀ ರಬ್ಬರ್ ಗ್ಲೌಸ್ ಕಾಯುವುದಿಲ್ಲ. ಆರ್ಕ್ ರೇಟಿಂಗ್ ಇರುವ (ಆರ್ಕಿನ ಶಾಖ ಎಷ್ಟು ತಡೆಯುತ್ತದೆ ಅಂತ ಪರೀಕ್ಷಿಸಿದ) ಬಟ್ಟೆ, ಮುಖಕ್ಕೆ ಶೀಲ್ಡ್ ಬೇಕು. ಬಿಚ್ಚುವುದು ಆ ಪ್ಯಾನೆಲ್ ಬಲ್ಲ, ತರಬೇತಾದ ಎಲೆಕ್ಟ್ರಿಷಿಯನ್ ಕೆಲಸ. ಕ್ಯಾಮೆರಾ ಕೋರ್ಸಿನ ಸರ್ಟಿಫಿಕೇಟ್ ಇದಕ್ಕೆ ಲೆಕ್ಕಕ್ಕಿಲ್ಲ.

ಅಷ್ಟೆಲ್ಲ ಮಾಡಿ ತೆಗೆದ ಚಿತ್ರವೂ ಸುಳ್ಳು ಹೇಳಬಹುದು. ಲೋಡ್, ಅಂದರೆ ಹರಿಯುವ ಕರೆಂಟ್, ಪೂರ್ಣ ಸಾಮರ್ಥ್ಯದ ಶೇ. 40ಕ್ಕಿಂತ ಕಡಿಮೆ ಇದ್ದರೆ ಸಡಿಲ ಜಾಯಿಂಟ್ ಅಷ್ಟಾಗಿ ಬಿಸಿಯಾಗದೆ ತಪ್ಪಿಸಿಕೊಳ್ಳುತ್ತದೆ. ಹೊಳೆಯುವ ತಾಮ್ರ ಕಾದಿದ್ದರೂ ತಣ್ಣಗೆ ಕಾಣುತ್ತದೆ; ಪಕ್ಕದ ಕೇಬಲ್ ಇನ್ಸುಲೇಶನ್ ಮೇಲೆ ಅಳತೆ ನೋಡಿ. ಅಕ್ರಿಲಿಕ್ ಬಾಗಿಲಿನ ಆಚೆಯಿಂದ ತೆಗೆದಿರಾ? ನಿಮಗೆ ಸಿಕ್ಕಿದ್ದು ಬಾಗಿಲಿನ ಉಷ್ಣತೆ ಅಷ್ಟೇ.