ಬಂಡೀನಾದಿಂದ ಆಟ್‌ಫರ್ಡ್‌ಗೆ: ಗೆಳೆಯರೊಡನೆ 26 ಕಿಲೋಮೀಟರ್ ಕಾಡುದಾರಿಯ ಓಟ

ಸಿಡ್ನಿಯ ದಕ್ಷಿಣಕ್ಕೆ, 1879ರಲ್ಲಿ ಘೋಷಿತವಾದ ರಾಯಲ್ ರಾಷ್ಟ್ರೀಯ ಉದ್ಯಾನದೊಳಗೆ, ಬಂಡೀನಾ ಎಂಬ ಊರಿನಿಂದ ಆಟ್‌ಫರ್ಡ್‌ವರೆಗೆ ಸಮುದ್ರದ ಅಂಚಿನಲ್ಲೇ ಸಾಗುವ 26 ಕಿಲೋಮೀಟರ್ ಕಾಲುದಾರಿಗೆ ಕೋಸ್ಟ್ ಟ್ರ್ಯಾಕ್ ಎಂದು ಹೆಸರು. ನಡೆಯುವವರು ಸಾಮಾನ್ಯವಾಗಿ ನಾರ್ತ್ ಈರಾದಲ್ಲಿ ಡೇರೆ ಹಾಕಿ ಎರಡು ದಿನಗಳಲ್ಲಿ ಮುಗಿಸುವ ಈ ದಾರಿಯನ್ನು ನಾವು ಎಂಟು ಮಂದಿ ಜೂನ್ ತಿಂಗಳ ಒಂದು ಶನಿವಾರ ಒಂದೇ ಹಗಲಿನಲ್ಲಿ ಓಡಿದೆವು. ಸ್ಪರ್ಧೆಯಿಲ್ಲದೆ, ಮಾತನಾಡುತ್ತ ಓಡುವ ಇಂಥ ಓಟವನ್ನು ಯೋಜಿಸುವವರು ಮೊದಲು ಒಪ್ಪಿಕೊಳ್ಳಬೇಕಾದ ವಿಷಯವೊಂದಿದೆ: ದಿನದ ವೇಗವನ್ನು ತೀರ್ಮಾನಿಸುವವರು ಗುಂಪಿನ ಕೊನೆಯಲ್ಲಿರುವವರು. ನಾವು ಇದನ್ನು ಬಾಯಲ್ಲಿ ಒಪ್ಪಿದ್ದೆವು, ಆದರೆ ಅದರಂತೆ ನಡೆದುಕೊಳ್ಳಲು ನಮಗೆ ಅರ್ಧ ದಾರಿ ಬೇಕಾಯಿತು.

ಕ್ರೊನುಲ್ಲಾವರೆಗೆ ರೈಲು, ಅಲ್ಲಿಂದ ಬಂಡೀನಾಕ್ಕೆ ದೋಣಿ, ಕೊನೆಗೆ ಆಟ್‌ಫರ್ಡ್ ನಿಲ್ದಾಣದಿಂದ ಮರಳಿ ರೈಲು, ಹೀಗೆ ಹೋದರೆ ಕಾರುಗಳನ್ನು ಎರಡು ತುದಿಗಳಲ್ಲಿ ನಿಲ್ಲಿಸುವ ತೊಂದರೆ ಇರುವುದಿಲ್ಲ. ಆಟ್‌ಫರ್ಡ್‌ನಿಂದ ಹೊರಟರೆ ಕಠಿಣವಾದ ಏರಿಳಿತ ಕಾಲು ಹೊಸದಾಗಿರುವಾಗಲೇ ಮುಗಿಯುತ್ತದೆ ಎಂಬುದು ನಿಜವಾದರೂ, ದಣಿದ ಗುಂಪು ಸಂಜೆಯ ದೋಣಿಯನ್ನು ಹಿಡಿಯಲು ಬಂಡೆಗಳ ಅಂಚಿನಲ್ಲಿ ಆತುರಪಡುವುದು ನನಗೆ ಸರಿಕಾಣದ್ದರಿಂದ ಬಂಡೀನಾದಿಂದಲೇ ಆರಂಭಿಸಿದೆವು. ಜೂನ್ ಇಲ್ಲಿ ಚಳಿಗಾಲ, ಸಂಜೆ ಐದರ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ಆದ್ದರಿಂದ ಬೆಳಗಿನ ಮೊದಲ ದೋಣಿಗಳಲ್ಲೊಂದನ್ನು ಹಿಡಿಯುವುದು ಅಗತ್ಯ, ಪ್ರತಿಯೊಬ್ಬರ ಚೀಲದಲ್ಲೂ ತಲೆದೀಪ ಇರಬೇಕು.

ಆರಂಭದ ಕಿಲೋಮೀಟರ್‌ಗಳು ಮರಳುಗಲ್ಲಿನ ಹಾಸುಗಳ ಮೇಲೂ ಕುರುಚಲು ಪೊದೆಗಳ ನಡುವೆ ನೆಲದಿಂದ ಎತ್ತರಿಸಿ ಕಟ್ಟಿದ ನಡೆಹಲಗೆಗಳ ಮೇಲೂ ಸಾಗುತ್ತವೆ, ಎಡಕ್ಕೆ ಸಮುದ್ರ ಕಾಣುತ್ತಲೇ ಇರುತ್ತದೆ. ಈ ಸುಲಭದ ನೆಲವೇ ನಮ್ಮನ್ನು ಮೋಸಗೊಳಿಸಿತು. ಮಾರ್ಲಿ ಕಡಲತೀರಕ್ಕೆ ಇಳಿಯುವಷ್ಟರಲ್ಲಿ ಮುಂದಿದ್ದ ಇಬ್ಬರು ಕಣ್ಮರೆಯಾಗಿದ್ದರು. ಮರಳಿನ ಮೇಲೆ ದಾರಿಯ ಗುರುತು ಅಳಿಸಿಹೋಗಿರುತ್ತದೆ, ಅದು ಮತ್ತೆ ಮೇಲೇರುವ ಜಾಗವನ್ನು ಹುಡುಕಿಕೊಳ್ಳಬೇಕಾಗುತ್ತದೆ. ಅವರು ಅದನ್ನು ತಪ್ಪಿಸಿ ಬಂಡೆಗಳತ್ತ ಹೋಗಿದ್ದರು. ಫೋನ್ ಸಂಕೇತವೂ ಇರದ ಆ ಜಾಗದಲ್ಲಿ ಸೀಟಿ ಊದುತ್ತ, ಕಾಯುತ್ತ ನಲವತ್ತು ನಿಮಿಷ ಕಳೆದೆವು. ಅವರು ಕ್ಷೇಮವಾಗಿ ಹಿಂತಿರುಗಿದರು, ಆದರೆ ಆ ನಲವತ್ತು ನಿಮಿಷಗಳಲ್ಲಿ ನನ್ನ ಮನಸ್ಸಿನಲ್ಲಿ ಹಾದುಹೋದ ಯೋಚನೆಗಳನ್ನು ನಾನು ಮರೆತಿಲ್ಲ.

ಅಲ್ಲಿಂದ ಮುಂದೆ ಕವಲುದಾರಿ, ತೊರೆ ದಾಟುವ ಜಾಗ ಮತ್ತು ಕಡಲತೀರದ ಎರಡೂ ತುದಿಗಳಲ್ಲಿ ಕೊನೆಯವರು ಬಂದು ಸೇರುವವರೆಗೆ ಯಾರೂ ಮುಂದಡಿಯಿಡಬಾರದೆಂದು ನಿಶ್ಚಯಿಸಿದೆವು. ಹಿಂದಿನಿಂದ ಬರುವವರ ಜೊತೆಗೆ ದಾರಿ ಬಲ್ಲ ಒಬ್ಬರು ಪ್ರಥಮ ಚಿಕಿತ್ಸೆಯ ಸಾಮಗ್ರಿ ಹೊತ್ತು ಓಡಿದರು. ಇದರಲ್ಲಿ ಸುಲಭವಾಗಿ ಗಮನಕ್ಕೆ ಬಾರದ ಒಂದು ಅನ್ಯಾಯವಿದೆ: ಮುಂದಿನವರು ಹತ್ತು ನಿಮಿಷ ಕುಳಿತು ಸುಧಾರಿಸಿಕೊಂಡಿರುತ್ತಾರೆ, ಕೊನೆಯವರು ಏದುಸಿರು ಬಿಡುತ್ತ ಬಂದ ಕ್ಷಣವೇ ಎಲ್ಲರೂ ಎದ್ದು ಹೊರಡುತ್ತಾರೆ, ಹೀಗಾಗಿ ಹೆಚ್ಚು ದಣಿದವರಿಗೇ ವಿಶ್ರಾಂತಿ ಸಿಗುವುದಿಲ್ಲ. ಕೊನೆಯವರು ನೀರು ಕುಡಿದು, ಏನಾದರೂ ತಿಂದು, ತಾವೇ ಹೊರಡೋಣ ಎನ್ನುವವರೆಗೆ ಕಾಯಿರಿ.

ದಾರಿಯಲ್ಲಿ ಸಿಗುವ ತೊರೆಗಳ ನೀರನ್ನು ನಂಬಬಾರದು. ಚಳಿಗಾಲದಲ್ಲೂ ನಾನು ಎರಡೂವರೆ ಲೀಟರ್ ಹೊತ್ತಿದ್ದೆ, ಕೊನೆಯಲ್ಲಿ ಒಂದು ಗುಟುಕು ಉಳಿದಿತ್ತು. ಯಾರಿಗಾದರೂ ಮುಂದುವರಿಯಲಾಗದಿದ್ದರೆ ವಾಟಮೋಲಾ ಮತ್ತು ಗೇರಿ ಕಡಲತೀರಗಳಿಗೆ ವಾಹನದ ರಸ್ತೆಯಿದೆ. ಆ ಎರಡು ಜಾಗಗಳಲ್ಲಿ ಪ್ರತಿಯೊಬ್ಬರನ್ನೂ ನೇರವಾಗಿ ಕೇಳಿ, ಮುಜುಗರವಿಲ್ಲದೆ ನಿಲ್ಲಿಸುವ ಅವಕಾಶ ಕೊಡಬೇಕು. ನಮ್ಮಲ್ಲೊಬ್ಬರು ಮೊಣಕಾಲು ನೋವಿನಿಂದ ಗೇರಿಯಲ್ಲಿ ಓಟ ಬಿಟ್ಟರು, ಕರೆದೊಯ್ಯಲು ಕಾರು ಬರುವವರೆಗೆ ಇನ್ನೊಬ್ಬರು ಅವರ ಜೊತೆಗೇ ನಿಂತರು.

ಹಾವುಗಳು ಬೆಚ್ಚಗಿನ ತಿಂಗಳುಗಳಲ್ಲಿ ಹೆಚ್ಚಾಗಿ ಕಂಡರೂ ಎಲ್ಲ ಕಾಲದಲ್ಲೂ ಅಗಲವಾದ ಎರಡು ಎಲಾಸ್ಟಿಕ್ ಬ್ಯಾಂಡೇಜ್‌ಗಳು ಜೊತೆಗಿರಲಿ. ಕೈಗೋ ಕಾಲಿಗೋ ಕಚ್ಚಿದರೆ ಜಾಗವನ್ನು ತೊಳೆಯದೆ, ಇಡೀ ಕೈ ಅಥವಾ ಕಾಲಿಗೆ ಬಿಗಿಯಾಗಿ ಬ್ಯಾಂಡೇಜ್ ಸುತ್ತಿ, ವ್ಯಕ್ತಿಯನ್ನು ಒಂದು ಹೆಜ್ಜೆಯೂ ನಡೆಸದೆ ಅಲುಗಾಡದಂತೆ ಮಲಗಿಸಿ ಆಸ್ಟ್ರೇಲಿಯಾದ ತುರ್ತು ಸಂಖ್ಯೆಯಾದ 000ಕ್ಕೆ ಕರೆ ಮಾಡಬೇಕು. ಸಂಕೇತವಿಲ್ಲದ ಕಡೆ ಉಪಗ್ರಹದ ಮೂಲಕ ನೆರವು ಕೇಳುವ ಲೊಕೇಟರ್ ಬೀಕನ್ ಗುಂಪಿಗೊಂದಾದರೂ ಬೇಕು. ಬೇಸಿಗೆಯಲ್ಲಿ ಬೆಂಕಿಯ ಅಪಾಯದ ಮಟ್ಟ ಏರಿದ ದಿನಗಳಲ್ಲಿ ಉದ್ಯಾನವನ್ನೇ ಮುಚ್ಚುವುದುಂಟು, ಆದ್ದರಿಂದ ಹಿಂದಿನ ಸಂಜೆಯೂ ಅಂದಿನ ಬೆಳಿಗ್ಗೆಯೂ ಉದ್ಯಾನದ ಸೂಚನೆಗಳನ್ನು ನೋಡಿರಿ.

ಬರ್ನಿಂಗ್ ಪಾಮ್ಸ್ ಕಡಲತೀರದ ಹತ್ತಿರ, ಸಮುದ್ರದ ಅಂಚಿನ ಬಂಡೆಗಳಲ್ಲಿರುವ ಫಿಗರ್ ಏಟ್ ಪೂಲ್ಸ್ ಎಂಬ ನೀರಿನ ಗುಂಡಿಗಳನ್ನು ನೋಡುವ ಆಸೆ ನಮ್ಮಲ್ಲೂ ಕೆಲವರಿಗಿತ್ತು. ದೊಡ್ಡ ಅಲೆಗಳು ಆ ಬಂಡೆಗಳ ಮೇಲೆ ನುಗ್ಗಿ ಅನೇಕರನ್ನು ಗಾಯಗೊಳಿಸಿವೆ. ಸಮುದ್ರದ ಇಳಿತ ಮತ್ತು ಅಲೆಯ ಮುನ್ಸೂಚನೆ ನೋಡಿಕೊಂಡು ಬೇರೊಂದು ದಿನವೇ ಹೋಗಬೇಕಾದ ಜಾಗ ಅದು. ಅದರಾಚೆಗಿನ ಪಾಮ್ ಜಂಗಲ್‌ನಲ್ಲಿ ತಾಳೆಮರಗಳ ನೆರಳು ದಟ್ಟವಾಗಿದ್ದು, ಮಳೆಯ ನಂತರ ಜಿಗಣೆಗಳಿರುತ್ತವೆ, ಬೇರುಗಳು ಜಾರುತ್ತವೆ. ಅಲ್ಲಿಂದ ಆಟ್‌ಫರ್ಡ್‌ವರೆಗಿನ ಏರನ್ನು ಓಡಲು ಯತ್ನಿಸದೆ ಎಲ್ಲರೂ ಒಟ್ಟಿಗೆ ನಡೆದೆವು, ಕೊನೆಯವರನ್ನು ಮುಂದೆ ಬಿಟ್ಟು ಅವರ ಹೆಜ್ಜೆಗೇ ನಮ್ಮ ಹೆಜ್ಜೆ ಹೊಂದಿಸಿದೆವು. ನಿಲ್ದಾಣ ತಲುಪಿದಾಗ ಇನ್ನೂ ಬೆಳಕಿತ್ತು. ಬೆವರಿದ ಮೈ ಅಲ್ಲಿ ಬೇಗ ತಣ್ಣಗಾಗುತ್ತದೆ, ರೈಲುಗಳ ನಡುವಿನ ಕಾಯುವಿಕೆಯೂ ದೀರ್ಘವಾಗಬಹುದು. ಒಣಗಿದ ಅಂಗಿಯೊಂದನ್ನು ನೀರು ತಾಗದ ಚೀಲದಲ್ಲಿ ಕಟ್ಟಿಕೊಂಡು ಹೋಗಿರಿ.