ಸ್ಯಾಚುರೇಷನ್ 98, ಉಸಿರು 6

ರಿಕವರಿ ರೂಮಿನ ಡ್ಯೂಟಿಗೆ ಬಂದ ಹೊಸತು. ಹೊಟ್ಟೆಯ ಆಪರೇಷನ್ ಮುಗಿದು ಬಂದ ಪೇಷಂಟು, ಮುಖಕ್ಕೆ ಆಕ್ಸಿಜನ್ ಮಾಸ್ಕ್, ನೋವಿಗೆ ಮಾರ್ಫಿನ್ ಕೊಟ್ಟಾಗಿತ್ತು. ಮಾನಿಟರಿನಲ್ಲಿ ಸ್ಯಾಚುರೇಷನ್, ಅಂದರೆ ರಕ್ತದಲ್ಲಿನ ಆಕ್ಸಿಜನ್ ಮಟ್ಟ, ನೂರಕ್ಕೆ 98. ಚಾರ್ಟಿನ ಉಸಿರಾಟದ ಕಾಲಮ್ಮಿನಲ್ಲಿ 16 ಎಂದು ಬರೆದು ಪಕ್ಕದ ಮಂಚಕ್ಕೆ ಹೋದೆ. ಎಣಿಸಿರಲಿಲ್ಲ. ಆ ಕಾಲಮ್ಮು ಎಷ್ಟು ಸಲ ಅಂದಾಜಿನಲ್ಲೇ ತುಂಬುತ್ತದೆ ಅನ್ನೋದು ನಮ್ಮ ಕೆಲಸದವರಿಗೆಲ್ಲ ಗೊತ್ತಿರುವ ಗುಟ್ಟು.

ಹಿರಿಯ ಸಿಸ್ಟರ್ ಬಂದವರು ಮಾನಿಟರ್ ಕಡೆ ತಿರುಗಲೂ ಇಲ್ಲ. ಪೇಷಂಟಿನ ಎದೆಯ ಮೇಲೆ ಅಂಗೈ ಇಟ್ಟು, ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ನಿಂತರು. "ಆರೇ ಆರು." ಆಮೇಲೆ ಭುಜ ತಟ್ಟಿ, "ಉಸಿರು ಎಳ್ಕೊಳ್ಳಿ" ಅಂದರು. ಪೇಷಂಟು ಆಳವಾಗಿ ಎಳೆದುಕೊಂಡರು. ಇನ್ನೊಮ್ಮೆ ಹೇಳಿದಾಗ ಇನ್ನೊಮ್ಮೆ. ಸಿಸ್ಟರ್ ಮಾತು ನಿಲ್ಲಿಸಿದರು, ಎದೆಯ ಏರಿಳಿತವೂ ನಿಂತಿತು.

ಹೇಳಿದರೆ ಉಸಿರಾಡುವವರು ಹೇಳದಿದ್ದರೆ ಯಾಕೆ ಮರೆಯುತ್ತಾರೆ? ಉಸಿರಿಗೆ ಎರಡು ಕಡೆಯಿಂದ ಅಪ್ಪಣೆ ಬರುತ್ತದೆ. ಬೇಕೆಂದು ಎಳೆಯುವ ಉಸಿರಿಗೆ ಮೆದುಳಿನ ಹೊರಪದರದಿಂದ. ನಿದ್ದೆಯಲ್ಲೂ ತಪ್ಪದೆ ನಡೆಯುವ ಉಸಿರಿನ ತಾಳ ಹುಟ್ಟುವುದು ಮೆದುಳಿನ ಬುಡದ ಮೆಡುಲ್ಲಾದಲ್ಲಿ. ಪ್ರೀ-ಬಾಟ್ಜಿಂಗರ್ ಎಂಬ ಅಲ್ಲಿನ ಪುಟ್ಟ ನರಕೋಶಗಳ ಗುಂಪೇ ಈ ತಾಳದ ಮೂಲ ಎಂದು ಗುರುತಿಸಿದ್ದು 1991ರಲ್ಲಿ. ಕೊನೆಗೆ ಎರಡೂ ಅಪ್ಪಣೆಗಳು ಕುತ್ತಿಗೆಯ ಬೆನ್ನುಹುರಿಯಿಂದ ಹೊರಡುವ ಫ್ರೆನಿಕ್ ನರ ಹಿಡಿದೇ ವಪೆಗೆ, ಅಂದರೆ ಎದೆ-ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯುವಿಗೆ, ಇಳಿಯುತ್ತವೆ.

ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿದರೆ ಮೆಡುಲ್ಲಾದ ಸುತ್ತಲಿನ ದ್ರವ ಹುಳಿಯಾಗುತ್ತದೆ, ಉಸಿರು ತಾನಾಗಿ ಚುರುಕಾಗುತ್ತದೆ. ಮಾರ್ಫಿನ್ ಮಂಕಾಗಿಸುವುದು ಇದನ್ನೇ. ಕಿವಿಯಲ್ಲಿ ಕೂಗಿ ಹೇಳಿದರೆ ಮಾತ್ರ ಹೊರಪದರ ಎಚ್ಚೆತ್ತು ಒಂದೆರಡು ಉಸಿರು ಎಳೆಸುತ್ತದೆ.

ಹಾಗಾದರೆ ಆ 98? ನಿಮಿಷಕ್ಕೆ ಆರೇ ಉಸಿರಾದರೂ ಮಾಸ್ಕಿನ ಆಕ್ಸಿಜನ್ ರಕ್ತಕ್ಕೆ ಸಾಲುತ್ತಿತ್ತು. ಹೊರಹೋಗದೆ ಒಳಗೇ ಕೂಡುತ್ತಿದ್ದ ಕಾರ್ಬನ್ ಡೈಆಕ್ಸೈಡ್ ಸ್ಯಾಚುರೇಷನ್ ಅಳೆಯುವ ಬೆರಳಿನ ಕ್ಲಿಪ್ಪಿಗೆ ಕಾಣುವುದಿಲ್ಲ. ಆಕ್ಸಿಜನ್ ಕುಸಿದಾಗ ಮೆದುಳಿಗೆ ಸುದ್ದಿ ಕಳಿಸುವ ಕ್ಯಾರೋಟಿಡ್ ಬಾಡಿಗಳು ಕುತ್ತಿಗೆಯಲ್ಲಿವೆ, ಮಾಸ್ಕ್ ಅವನ್ನೂ ಸುಮ್ಮನಿರಿಸಿತ್ತು. ಮಾಸ್ಕ್ ತಪ್ಪಲ್ಲ, ಅದು ಬೇಕೇ ಬೇಕು. ಆದರೆ ಅದು ಹಾಕಿದಾಗ ಸ್ಯಾಚುರೇಷನ್ ಎಚ್ಚರಿಸುವುದು ತೀರಾ ತಡವಾಗಿ.

ಡಾಕ್ಟರ್ ಮಾರ್ಫಿನ್ ಪರಿಣಾಮ ಇಳಿಸುವ ನಲೋಕ್ಸೋನ್ ಸ್ವಲ್ಪ ಸ್ವಲ್ಪವೇ ಕೊಟ್ಟರು, ಒಮ್ಮೆಲೇ ಸುರಿದರೆ ನೋವೂ ಒಮ್ಮೆಲೇ ಮರಳುತ್ತದೆ. ಅದರ ಪರಿಣಾಮ ಮಾರ್ಫಿನ್‌ಗಿಂತ ಬೇಗ ಇಳಿಯುವುದರಿಂದ ಆಮೇಲೂ ಬಹಳ ಹೊತ್ತು ಆ ಮಂಚದ ಪಕ್ಕದಲ್ಲೇ ನಿಂತಿದ್ದೆ.

ಈಗ ನಾಡಿ ಹಿಡಿದವಳಂತೆ ಮಣಿಕಟ್ಟು ಹಿಡಿದು, ಕಣ್ಣು ಎದೆಯ ಮೇಲಿಟ್ಟು ಎಣಿಸುತ್ತೇನೆ. "ನಿಮ್ಮ ಉಸಿರು ಎಣಿಸ್ತೀನಿ" ಅಂದುಬಿಟ್ಟರೆ ಕೆಟ್ಟಿತು, ಹೊರಪದರ ಮೂಗು ತೂರಿಸಿ ಲೆಕ್ಕವೇ ಬದಲಾಗುತ್ತದೆ.

ಆ ದಿನ ಡ್ಯೂಟಿ ಮುಗಿಯುವ ಮೊದಲು ಸಿಸ್ಟರ್ ಚಾರ್ಟ್ ನನ್ನ ಕೈಗೇ ಕೊಟ್ಟರು. 16ರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ 6 ಬರೆದು ಸಹಿ ಹಾಕಿದೆ.