ದಿನವೂ ಮುಖ ನೋಡ್ತೀವಲ್ಲ, ಮತ್ತೆ ಬೇರೆ ಕೂತು ಮಾತಾಡೋದೆಂಥಕ್ಕೆ?

ಕೈಕೆಳಗಿನ ಒಬ್ಬೊಬ್ಬರನ್ನೂ ಆಗಾಗ ಪ್ರತ್ಯೇಕವಾಗಿ ಕೂರಿಸಿಕೊಂಡು ಮಾತಾಡಿ ಅಂದರೆ, ಶಿವಮೊಗ್ಗ ಹತ್ತಿರದ ಮಾಚೇನಹಳ್ಳಿಯ ಕಾರ್ಖಾನೆಗಳ ಸೂಪರ್‌ವೈಸರ್‌ಗಳಿಂದ ಹಿಡಿದು ಸಾಗರದ ಕಡೆಯ ಸಹಕಾರ ಸಂಘಗಳ ಕಾರ್ಯದರ್ಶಿಗಳವರೆಗೆ ಎಲ್ಲರೂ ಕೇಳುವ ಪ್ರಶ್ನೆ ಇದು.

ನಮ್ಮ ಕಡೆ ಮೇಲಿನವರಿಗೆ ನೇರವಾಗಿ 'ಆಗಲ್ಲ' ಅನ್ನುವ ರೂಢಿ ಕಮ್ಮಿ. 'ನೋಡಣ ಸಾರ್' ಅಂದರೆ ಬಹುಪಾಲು ಆಗಲ್ಲ ಅಂತಲೇ ಲೆಕ್ಕ. ಆ 'ನೋಡಣ'ದ ಒಳಗೆ ಏನಿದೆ ಅಂತ ನಾಲ್ಕು ಜನರೆದುರು ಬಿಡಿಸಿ ಕೇಳಲಾಗುವುದಿಲ್ಲ. ಅಡಿಕೆ ಕೊಯ್ಲು ಶುರುವಾದರೆ ತೋಟ ಇರುವವರಿಗೆ ರಜೆ ಬೇಕೇ ಬೇಕು. ಬೇರೆ ಕೂತಾಗ ಸೆಪ್ಟೆಂಬರ್‌ನಲ್ಲೇ ಅದು ಬಾಯಿಗೆ ಬಂದರೆ ಪಾಳಿ ಹೊಂದಿಸಬಹುದು. ಬರದಿದ್ದರೆ ನವೆಂಬರ್‌ನಲ್ಲಿ 'ಮೈ ಹುಷಾರಿಲ್ಲ' ಅನ್ನುವ ಫೋನ್ ಬರುತ್ತದೆ!

ಸಮಯ ಎಲ್ಲಿದೆ ಅನ್ನುವವರಿಗೆ ಲೆಕ್ಕ ಹೀಗಿದೆ. ಆರು ಜನ, ಒಬ್ಬೊಬ್ಬರಿಗೆ 30 ನಿಮಿಷ, ಹದಿನೈದು ದಿನಕ್ಕೊಮ್ಮೆ: ಒಟ್ಟು 3 ಗಂಟೆ. ವಾರಕ್ಕೆ 48 ಗಂಟೆಯಂತೆ ಎರಡು ವಾರಕ್ಕೆ 96 ಗಂಟೆ ಆಯಿತು, ಅದರಲ್ಲಿ ಇದು ನೂರಕ್ಕೆ ಮೂರು ಪಾಲು. ಹೊಸಬರನ್ನು ವಾರಕ್ಕೊಮ್ಮೆ ಕೂರಿಸಿ. ಪಳಗಿದವರಿಗೆ ತಿಂಗಳಿಗೊಮ್ಮೆ ಆದರೂ ನಡೆಯುತ್ತದೆ. ಕಂಪ್ಯೂಟರ್ ಚಿಪ್ ಮಾಡುವ ಇಂಟೆಲ್ ಕಂಪನಿಯನ್ನು ನಡೆಸಿದ ಆಂಡಿ ಗ್ರೋವ್ 1983ರಲ್ಲೇ ಹೇಳಿದ್ದರು, ಈ ಸಭೆ ಕೆಳಗಿನವರದು, ಏನು ಮಾತಾಡಬೇಕೆಂದು ಅವರೇ ಬರೆದುಕೊಂಡು ಬರಬೇಕು ಅಂತ. ಹಾಗಾಗಿ ಮೊದಲ ಹದಿನೈದು ನಿಮಿಷ ಅವರದು. ನೀವು ಬಾಯಿ ಮುಚ್ಚಿಕೊಂಡಿರುವುದೇ ಇಲ್ಲಿ ಕಷ್ಟದ ಕೆಲಸ.

ಕೆಡುವುದು ಸಾಮಾನ್ಯವಾಗಿ ಮೂರು ಕಡೆ. 'ಆ ಆರ್ಡರ್ ಎಲ್ಲಿಗೆ ಬಂತು?' ಅಂತ ಶುರು ಮಾಡಿದರೆ ಅರ್ಧ ಗಂಟೆ ಅದರಲ್ಲೇ ಮುಗಿಯುತ್ತದೆ. ಅದಕ್ಕೆ ಬೆಳಗಿನ ಮೀಟಿಂಗ್ ಇದೆಯಲ್ಲ. ಎರಡು ಸಲ ಮುಂದೂಡಿದರೆ ಮೂರನೇ ಸಲ ಅವರು ಏನೂ ತಯಾರಾಗದೆ ಬರುತ್ತಾರೆ. ತಪ್ಪಾದಾಗ ಮಾತ್ರ ಕರೆಯುವ ಕಡೆಯಂತೂ ಕ್ಯಾಬಿನ್ ಬಾಗಿಲು ಮುಚ್ಚಿತೆಂದರೆ ಹೊರಗೆ ಎಲ್ಲರೂ 'ಇವತ್ತು ಅವನಿಗೆ ಪೂಜೆ' ಅಂತ ನಗುತ್ತಾರೆ. ಹಾಗಾಗಿ ವಾರ, ಹೊತ್ತು ಎರಡೂ ಗೊತ್ತುಮಾಡಿ, ಸರದಿ ಪ್ರಕಾರ ಎಲ್ಲರನ್ನೂ ಕರೆಯಿರಿ. ಫೋನ್ ಹೊರಗಿಡಿ. ಒಳಗೆ ಕೇಳಿದ್ದು ಟೀ ಹೊತ್ತಿಗೆ ಕ್ಯಾಂಟೀನ್ ತಲುಪಿದರೆ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ.

ಏಳುವ ಮೊದಲು ತಾರೀಖು ಹಾಕಿ ಎರಡು ಸಾಲು ಬರೆಯಿರಿ: ಅವರು ಮಾಡುವುದೇನು, ನೀವು ಮಾಡುವುದೇನು. ಮುಂದಿನ ಸಲದ ಮಾತು ನಿಮ್ಮ ಸಾಲಿನಿಂದಲೇ ಶುರುವಾಗಲಿ.

ಮೊದಲ ಎರಡು ಮೂರು ಸಲ 'ಎಲ್ಲ ಸರಿ ಇದೆ ಸಾರ್' ಅಂತಷ್ಟೇ ಬರುತ್ತದೆ. ಆಗ ಪ್ರಶ್ನೆಯನ್ನು ಚಿಕ್ಕದು ಮಾಡಿ: 'ಈ ವಾರ ಯಾವ ಕೆಲಸ ಎರಡೆರಡು ಸಲ ಮಾಡಬೇಕಾಯ್ತು?' ಇದಕ್ಕೆ 'ನೋಡಣ' ಅನ್ನಲಾಗುವುದಿಲ್ಲ.